ಗಂಡ ಬೆಂಗಳೂರಿನಲ್ಲಿ, ನಾಲ್ಕು ವರ್ಷದ ಮಗು ನನ್ನ ಜೊತೆ ಸಕಲೇಶಪುರದಲ್ಲಿ: ಕಸ್ಟಡಿ ಅರ್ಜಿ ಎಲ್ಲಿ ಹಾಕಬೇಕು?

ಹಾಸನ ಜಿಲ್ಲೆಯಲ್ಲೇ ಹಾಕಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ. ಗಂಡನ ಊರು ಲೆಕ್ಕಕ್ಕಿಲ್ಲ. ಬಹಳ ಜನ ಎಡವುವುದೂ ಇಲ್ಲೇ. ಅರ್ಜಿಗೆ ನಾಲ್ಕು ದಿನ ಮುಂಚೆ ಮಗುವನ್ನು ತವರಿಗೆ ಕರೆತಂದಿದ್ದರೆ ‘ಅಜ್ಜಿ ಮನೆಗೆ ರಜೆಗೆ ಬಂದದ್ದು ಅಷ್ಟೇ’ ಅಂತ ಎದುರು ವಕೀಲರು ವಾದಿಸುತ್ತಾರೆ. ಹಾಗಾಗಿ ಮಗು ಇಲ್ಲೇ ವಾಸವಿದೆ ಅಂತ ತೋರಿಸಲು ಅಂಗನವಾಡಿ ದಾಖಲಾತಿ, ಸಕಲೇಶಪುರದಲ್ಲಿ ಹಾಕಿಸಿದ ಲಸಿಕೆಯ ತಾರೀಕುಗಳಿರುವ ಕಾರ್ಡು, ವಯಸ್ಸಿಗೆ ಜನನ ಪ್ರಮಾಣಪತ್ರ ಲಗತ್ತಿಸಿ.

ಐದು ತುಂಬದ ಹಿಂದೂ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ (1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ, ಸೆಕ್ಷನ್ 6). ಹಾಗಂತ ಗ್ಯಾರಂಟಿ ಅಂದುಕೊಳ್ಳಬೇಡಿ, ಕೋರ್ಟು ಮೊದಲು ನೋಡುವುದು ಮಗುವಿನ ಹಿತ. ತೀರ್ಪು ತಡವಾಗಬಹುದು, ಹಾಗಾಗಿ 1890ರ ಕಾಯ್ದೆಯ ಸೆಕ್ಷನ್ 12ರಡಿ ಮಧ್ಯಂತರ ಅರ್ಜಿಯನ್ನೂ (ತೀರ್ಪು ಬರುವವರೆಗೆ ಮಗು ಯಾರ ಬಳಿ ಇರಬೇಕು ಅನ್ನುವುದಕ್ಕೆ) ಜೊತೆಗೇ ಕೊಡಿ. ಫೀಸು ಹೊಂದಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು ಉಚಿತ ವಕೀಲರನ್ನು ಕೇಳಲು ಆದಾಯದ ಮಿತಿಯಿಲ್ಲ.