ಓದುಗರ ಪ್ರಶ್ನೆ: ಅಟ್ಟದ ಮೇಲಿನ ಬೋರ್ದೋ

ಪ್ರಶ್ನೆ: ಅಳಿಯ ಫ್ರಾನ್ಸಿನಿಂದ ತಂದುಕೊಟ್ಟ ಕೆಂಪು ವೈನಿನ ಬಾಟಲಿಯೊಂದು ನಾಲ್ಕು ವರ್ಷಗಳಿಂದ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ನಿಂತೇ ಇದೆ. ಲೇಬಲ್ಲಿನಲ್ಲಿ ‘ಒ-ಮೆಡೊಕ್, 2016’ ಎಂದಿದೆ. ಇನ್ನೂ ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚುವುದೇ? ಬಂಗುಡೆ ಪುಳಿಮುಂಚಿಯ ಜೊತೆ ಕುಡಿಯಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎರಡಕ್ಕೂ ನನ್ನ ಉತ್ತರ ‘ಬೇಡ’ ಎಂದೇ. ಒ-ಮೆಡೊಕ್ ಎಂಬುದು ಫ್ರಾನ್ಸಿನ ಬೋರ್ದೋ ವೈನ್ ಸೀಮೆಯಲ್ಲಿ, ಜಿರೋಂಡ್ ಅಳಿವೆಯ ಎಡದಂಡೆಯ ಗರಸು ನೆಲ. ಅಲ್ಲಿ ಹೆಚ್ಚಾಗಿ ಬೆಳೆಯುವ ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿಯ ದಪ್ಪ ಸಿಪ್ಪೆಯಿಂದ ಟ್ಯಾನಿನ್, ಅಂದರೆ ನಾವು ಒಗರು ಎನ್ನುವುದು, ಧಾರಾಳವಾಗಿ ಇಳಿಯುತ್ತದೆ. 12ರಿಂದ 14 ಡಿಗ್ರಿಯ ಕತ್ತಲ ನೆಲಮಾಳಿಗೆಯಲ್ಲಿ ಈ ಒಗರೂ ಬಣ್ಣವೂ ವರ್ಷಗಟ್ಟಲೆ ಒಂದಕ್ಕೊಂದು ಕೂಡಿ, ಭಾರವಾಗಿ ತಳಕ್ಕಿಳಿಯುವುದರಿಂದಲೇ ವೈನ್ ಮೃದುವಾಗುವುದು. ಮುಂಬೈ ಸೀಮೆಯ ಮೇ ತಿಂಗಳಿನಲ್ಲಿ, ಅದೂ ಒಲೆಯ ಮೇಲಿನ ಅಟ್ಟದಲ್ಲಿ, ಅದು ಮಾಗುವ ಬದಲು ಬೇಯುತ್ತದೆ. ಬಾಟಲಿ ನಿಂತೇ ಇದ್ದುದರಿಂದ ಬಿರಡೆ ಒಣಗಿ ಗಾಳಿ ಒಳಹೊಕ್ಕಿರಲೂಬಹುದು. ಆದ್ದರಿಂದ ಈ ತಿಂಗಳೇ ತೆರೆಯಿರಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತನ್ನು ನಮ್ಮಲ್ಲಿ ಕಣ್ಣುಮುಚ್ಚಿ ಪಾಲಿಸುವವರಿದ್ದಾರೆ. ಆ ಕೋಣೆ ಯುರೋಪಿನ ಹಳೆಯ ಮನೆಯ ತಣ್ಣನೆಯ ಕೋಣೆಯೇ ಹೊರತು ಡೊಂಬಿವಲಿಯದಲ್ಲ. ಬೇಕಾದುದು 16ರಿಂದ 18 ಡಿಗ್ರಿ. ಅದಕ್ಕಾಗಿ ಬಾಟಲಿಯನ್ನು ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ ನಿಲ್ಲಿಸಿ. ತಳದಲ್ಲಿ ಕಾಫಿಯ ಚರಟದಂಥ ಗಸಿ ಇದ್ದೀತು, ಅಲುಗಿಸದೆ ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿ, ಗಸಿ ಕೊರಳಿಗೆ ಬಂದೊಡನೆ ನಿಲ್ಲಿಸಿ. ಈ ವಯಸ್ಸಿನ ವೈನಿಗೆ ಅರ್ಧ ಗಂಟೆ ಗಾಳಿಯಾಡಿದರೆ ಸಾಕು.

ಲೋಟದ ಮೂರನೆಯ ಒಂದು ಪಾಲಷ್ಟೇ ತುಂಬಿ, ಬಿಳಿ ಬಟ್ಟೆಯ ಮೇಲೆ ವಾಲಿಸಿ ನೋಡಿ. ಅಂಚು ಇಟ್ಟಿಗೆಗೆಂಪಾಗಿದ್ದರೆ ವಯಸ್ಸಿಗೆ ತಕ್ಕುದು. ಪೂರ್ತಿ ಕಂದಾಗಿದ್ದರೆ ಕಾಲ ಮೀರಿದೆ. ಮೂಸಿದಾಗ ಬ್ಲ್ಯಾಕ್‌ಕರಂಟ್ ಹಣ್ಣಿನ, ಪೆನ್ಸಿಲ್ ಹೆರೆದಾಗಿನ ಮರದ ವಾಸನೆ ಬರಬೇಕು. ಬ್ಲ್ಯಾಕ್‌ಕರಂಟ್ ಕಾಣದ ನಮ್ಮವರಿಗೆ ನೇರಳೆಹಣ್ಣು ನೆನಪಾದರೂ ತಪ್ಪಿಲ್ಲ, ಒಗರಿನ ಗುರುತಿಗೆ ಅದೇ ಒಳ್ಳೆಯ ಮೇಷ್ಟ್ರು. ಕುದಿಸಿದ ಹಣ್ಣಿನ ಅಥವಾ ವಿನೆಗರಿನ ವಾಸನೆ ಬಂದರೆ ಅಟ್ಟ ತನ್ನ ಕೆಲಸ ಮಾಡಿದೆ ಎಂದು ತಿಳಿಯಿರಿ.

ಇನ್ನು ಬಂಗುಡೆ. ವೈನಿನಲ್ಲಿರುವ ಕಬ್ಬಿಣದ ಅಂಶವು ಮೀನಿನ ಕೊಬ್ಬಿನೊಡನೆ ಸೇರಿದಾಗ ಬಾಯಲ್ಲಿ ಲೋಹದಂಥ, ಕಮಟಾದ ರುಚಿ ಉಳಿಯುತ್ತದೆ. ಬ್ಯಾಡಗಿಯ ಖಾರವನ್ನು ಮದ್ಯಸಾರವು ಇನ್ನಷ್ಟು ಉರಿಸುತ್ತದೆ. ಒಗರನ್ನು ಹಿಡಿದು ತಣಿಸುವುದು ಮಾಂಸದ ಪ್ರೋಟೀನು ಮತ್ತು ಕೊಬ್ಬು. ಮೆಣಸಿನಕಾಯಿಯನ್ನು ತೀರ ಕಡಿಮೆ ಮಾಡಿ, ತುಪ್ಪ ಮತ್ತು ಕಾಳುಮೆಣಸಿನಲ್ಲಿ ಹುರಿದ ಕುರಿಮಾಂಸಕ್ಕೆ ನೀರುದೋಸೆ ಸೇರಿಸಿ. ಮಾಂಸ ತಿನ್ನದವರಿಗೆ ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಆದೀತು.

ಪ್ರಶ್ನೆ: ಲೇಬಲ್ಲಿನಲ್ಲಿ ‘ಗ್ರಾಂ ವ್ಯಾಂ ದ ಬೋರ್ದೋ’ ಎಂದಿದ್ದರೆ ಅದು ಉನ್ನತ ದರ್ಜೆಯದೇ?
– ಓದುಗರೊಬ್ಬರು, ಪುಣೆ

ಉತ್ತರ: ಅಲ್ಲ. ‘ಶ್ರೇಷ್ಠ ವೈನ್’ ಎಂಬ ಆ ಸ್ವಂತ ಹೊಗಳಿಕೆ ಯಾವ ದರ್ಜೆಯನ್ನೂ ಸೂಚಿಸುವುದಿಲ್ಲ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ದೋದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯನ್ನು ಅನುಸರಿಸಿ ಮಾಡಿದ ಐದು ದರ್ಜೆಗಳ ಪಟ್ಟಿಯೇ ಬೇರೆ. ಅದರಲ್ಲಿ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಶಾತೋ ಮೂತೋನ್ ರೋಥ್‌ಶಿಲ್ಡ್ ಎಂಬ ವೈನ್ ತೋಟ ಒಂದೇ, ಅದೂ 1973ರಲ್ಲಿ.