ಹಪ್ಪಳ ಒಣಗುವಷ್ಟು ಹೊತ್ತು

ಬಾಲ್ಯದ ಬೇಸಿಗೆ ರಜೆಗಳು ಮುಗಿಯದಷ್ಟು ಉದ್ದವಾಗಿದ್ದಂತೆ ಏಕೆ ನೆನಪಾಗುತ್ತವೆ, ಈಗಿನ ಮಕ್ಕಳಿಗೂ ಅಂಥ ರಜೆಯನ್ನು ಕೊಡಲು ಸಾಧ್ಯವೇ ಎಂದು ನೀವು ಕೇಳಿದ್ದೀರಿ. ನಿಮ್ಮ ಎಂಟು ವರ್ಷದ ಮಗನ ರಜೆ ಈಜು, ಚಿತ್ರಕಲೆ, ಚದುರಂಗ ಎಂದು ವಾರವಾರಕ್ಕೂ ಹಂಚಿಹೋಗಿದೆ ಎಂದೂ ಬರೆದಿದ್ದೀರಿ. ನನಗೆ ಗೊತ್ತಿರುವುದು ನನ್ನ ಅಜ್ಜನಮನೆಯ ಬೇಸಿಗೆ ಮಾತ್ರ. ಅದನ್ನೇ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಏಪ್ರಿಲ್ 10ರಂದು ಶಾಲೆಯಲ್ಲಿ ಪಾಸು-ಫೇಲು ಓದುತ್ತಿದ್ದರು. ಮರುದಿನವೇ ಅಮ್ಮ ನಮ್ಮನ್ನು ಕರೆದುಕೊಂಡು ದಾವಣಗೆರೆಯಿಂದ ಹೊರಟು, ಸಾಗರ, ತಾಳಗುಪ್ಪ ದಾಟಿ, ಸಿದ್ದಾಪುರದ ಆಚೆಗೆ ಅಘನಾಶಿನಿ ಕಣಿವೆಯ ಅಂಚಿನಲ್ಲಿರುವ ತವರುಮನೆಗೆ ತಲುಪಿಸುತ್ತಿದ್ದಳು. ನಾವು ಹೋಗುವಷ್ಟರಲ್ಲಿ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನ ಮಿಡಿಯ, ಕಾಲ ಮುಗಿದಿರುತ್ತಿತ್ತು. ತೊಟ್ಟು ಮುರಿಯದಂತೆ ಕೊಯ್ದು, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮರದಿಂದ ಇಳಿಸಿದ ಮಿಡಿಗಳು ಅಷ್ಟು ಹೊತ್ತಿಗೆ ಭರಣಿಯೊಳಗೆ ಉಪ್ಪಿನಲ್ಲಿ ಚಿರುಟಿಕೊಂಡು ಕುಳಿತಿರುತ್ತಿದ್ದವು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಹಲಸು.

ಹಲಸಿನ ಹಪ್ಪಳದ ಕೆಲಸ ಮನೆಯ ಹೆಂಗಸರನ್ನೆಲ್ಲ ಹಲವು ದಿನ ಹಿಡಿದಿಡುತ್ತಿತ್ತು. ಬಲಿತ, ಆದರೆ ಹಣ್ಣಾಗದ ಕಾಯಿಯೇ ಆಗಬೇಕು. ಅದನ್ನು ಸೀಳಿದೊಡನೆ ಒಸರುವ ಮೇಣವನ್ನು ಕೋಲಿಗೆ ಸುತ್ತಿ ತೆಗೆದು, ಕೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡು, ತೊಳೆಗಳನ್ನು ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸು ಸೇರಿಸಿ ಒರಳಿನಲ್ಲಿ ಒನಕೆಯಿಂದ ಕುಟ್ಟಬೇಕು. ಆ ಹಿಟ್ಟನ್ನು ಉಂಡೆ ಕಟ್ಟುವುದು ಮಕ್ಕಳ ಕೆಲಸ. ಎಣ್ಣೆ ಸವರಿದ ಬಾಳೆಲೆಯ ಎರಡು ಚೂರುಗಳ ನಡುವೆ ಉಂಡೆಯನ್ನಿಟ್ಟು, ಮಣೆಯಿಂದ ಒತ್ತಿ, ಎಲೆಯನ್ನು ಮೆಲ್ಲಗೆ ಸುಲಿದು ಚಾಪೆಯ ಮೇಲೆ ಬಿಡುವುದು ದೊಡ್ಡವರ ಕೆಲಸ. ಅಜ್ಜಿ ಚಾಪೆಯ ಅಂಚಿನಲ್ಲಿ ಯಾವಾಗಲೂ ಒಂದು ಸಾಲು ಪುಟ್ಟ ಹಪ್ಪಳಗಳನ್ನು ಹಾಕುತ್ತಿದ್ದಳು. ಅವು ಯಾರಿಗೆಂದು ಅವಳು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಮೇಲೆ ಚರ್ಮ ಕಟ್ಟಿ ಒಳಗಿನ್ನೂ ಮೆತ್ತಗಿರುವ ಅರೆ ಒಣಗಿದ ಹಪ್ಪಳವನ್ನು ಬಾಯಲ್ಲಿಟ್ಟು ಎಳೆದು ಜಗಿದವರಿಗೆ ಅದರ ರುಚಿಯನ್ನು ವಿವರಿಸಬೇಕಾಗಿಲ್ಲ.

ಆಮೇಲಿನದು ಕಾಯುವ ಕೆಲಸ. ಅಂಗಳದಲ್ಲಿ ಅಡಿಕೆ ಒಣಗಿಸಲು ಕಟ್ಟಿದ ಅಟ್ಟದ ಮೇಲೆ ಚಾಪೆಗಳನ್ನು ಹಾಸಿ, ನನ್ನ ಕೈಗೆ ಒಂದು ಕೋಲು ಕೊಟ್ಟು, ಕಾಗೆ ಬರದಂತೆ ನೋಡಿಕೊಳ್ಳಲು ಕೂರಿಸುತ್ತಿದ್ದರು. ಊಟವಾದ ಮೇಲೆ ಮನೆಯೆಲ್ಲ ಮಲಗುತ್ತಿತ್ತು. ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬಂದು ತೊಟ್ಟಿಗೆ ಬೀಳುವ ಅಬ್ಬಿಯ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಬೆರಳಿನಷ್ಟು ದಪ್ಪವಿದ್ದ ಆ ನೀರು ಮೇ ತಿಂಗಳು ಬರುವಾಗ ದಾರದಷ್ಟಾಗಿ, ಅದರ ದನಿಯೂ ಬದಲಾಗುತ್ತಿತ್ತು. ಆ ವ್ಯತ್ಯಾಸ ನನಗೆ ತಿಳಿದದ್ದು ಯಾರೂ ತೋರಿಸಿದ್ದರಿಂದಲ್ಲ. ಕೇಳಿಸಿಕೊಳ್ಳಲು ಅಲ್ಲಿ ಅದೊಂದೇ ಇತ್ತು. ಬೇಜಾರು ಖಂಡಿತ ಆಗುತ್ತಿತ್ತು. ಎದ್ದು ಹೋಗಿ ಅಜ್ಜಿಯನ್ನು ಕೇಳಿದರೆ ಅವಳು ಕಣ್ಣು ಮುಚ್ಚಿಕೊಂಡೇ, “ಇನ್ನೂ ಒಣಗಿದ್ದಿಲ್ಲೆ ಕೂಸೆ” ಎನ್ನುತ್ತಿದ್ದಳು. ಮತ್ತೆ ಬಂದು ಕೂರುತ್ತಿದ್ದೆ. ಗಂಟೆ ಎಷ್ಟೆಂದು ಆ ಮನೆಯಲ್ಲಿ ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ, ಹೇಳಿದ್ದರೂ ಪ್ರಯೋಜನವಿರಲಿಲ್ಲ. ಹಪ್ಪಳ ಒಣಗುವುದು ಗಡಿಯಾರ ನೋಡಿಕೊಂಡಲ್ಲ.

ನಾನು 4ನೆಯ ತರಗತಿ ಮುಗಿಸಿದ ವರ್ಷದ ಒಂದು ಮಧ್ಯಾಹ್ನವನ್ನು ಇಲ್ಲಿ ಹೇಳಲೇಬೇಕು. ಮುರುಗಲ ಹಣ್ಣು ಕೆಂಪಾಗಿದೆಯೇ ನೋಡಿಬರುತ್ತೇನೆಂದು ಕೋಲನ್ನು ಅಟ್ಟದ ಮೇಲೆಯೇ ಬಿಟ್ಟು ತೋಟಕ್ಕಿಳಿದಿದ್ದೆ. ಭರಣಿ ಮಳೆಯ ದಿನಗಳು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗಿನ ಕಾಲ. (ಮಿಡಿ ತುಂಬಿದ ಜಾಡಿಗೂ ಆ ನಕ್ಷತ್ರಕ್ಕೂ ಒಂದೇ ಹೆಸರಿರುವುದು ಆಗ ನನಗೆ ದೊಡ್ಡ ಸೋಜಿಗ.) ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ಆದರೆ ಅಂಗಳದಲ್ಲಿ ಹಪ್ಪಳ ಹರಡಿಕೊಂಡವರಿಗೆ ಅದೇ ಮಳೆ ಕಂಟಕ. ಗುಡುಗು ಕೇಳಿ ನಾನು ಓಡಿ ಬರುವಷ್ಟರಲ್ಲಿ ದಪ್ಪ ಹನಿಗಳು ಬಿದ್ದಾಗಿತ್ತು. ಅತ್ತೆ, ಚಿಕ್ಕಮ್ಮ ಎಲ್ಲರೂ ಎದ್ದು ಬಂದು ಚಾಪೆಗಳನ್ನು ಒಳಗೆಳೆದರೂ ಎರಡು ಚಾಪೆ ಪೂರ್ತಿ ನೆನೆದವು. ಅಜ್ಜಿ ನನ್ನನ್ನು ಬೈಯಲಿಲ್ಲ. ನೆನೆದು ಮೆತ್ತಗಾದ ಹಪ್ಪಳಗಳನ್ನು ಒಂದೊಂದಾಗಿ ಎಬ್ಬಿಸಿ, ಹರಿದವನ್ನು ಬೇರೆ ಇಟ್ಟು, ಉಳಿದವನ್ನು ಒಲೆಯ ಬಿಸಿಗೆ ಹರಡಿದಳು. ಆಗ ಅವಳ ಕೈಯನ್ನು ಹತ್ತಿರದಿಂದ ನೋಡಿದೆ: ಎಣ್ಣೆಗೂ ಹೋಗದ ಮೇಣ ಉಗುರಿನ ಸಂದಿಯಲ್ಲಿ ಕಪ್ಪಾಗಿ ಕೂತಿತ್ತು, ಒನಕೆ ಹಿಡಿದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ನಮ್ಮ ನಿಧಾನದ ದಿನಗಳು ಯಾರ ದುಡಿಮೆಯ ಮೇಲೆ ನಿಂತಿದ್ದವು ಎಂಬುದು ನನಗೆ ಹೊಳೆಯತೊಡಗಿದ್ದು ಆ ಸಂಜೆ. ಬೇಸಿಗೆ ರಜೆಯ ಸವಿಯನ್ನು ನೆನೆಯುವವರು ಈ ಮಾತನ್ನು ಬಿಟ್ಟುಬಿಡಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ಅಜ್ಜಿಗೆ ರಜೆಯೆಂಬುದು ಇರಲಿಲ್ಲ.

ಈಗ ನಿಮ್ಮ ‘ಏಕೆ’ ಎಂಬ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದಕ್ಕೊಂದು ಕಾರಣ ಕೊಟ್ಟಿದ್ದರು. ಎಳವೆಯಲ್ಲಿ ಕಂಡದ್ದೆಲ್ಲ ಹೊಸದಾದ್ದರಿಂದ ನೆನಪು ಗಟ್ಟಿಯಾಗಿ, ದಟ್ಟವಾಗಿ ನಿಲ್ಲುತ್ತದೆ. ಬೆಳೆದಂತೆ ದಿನಗಳು ರೂಢಿಯಾಗಿ, ಹಿಂದಿರುಗಿ ನೋಡಿದಾಗ ವರ್ಷಗಳೇ ಕುಗ್ಗಿ ಕಾಣುತ್ತವೆ ಎಂದು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಬೇಸಿಗೆಗಳಲ್ಲಿ ಹೊಸತೇನಿತ್ತು? ಪ್ರತಿವರ್ಷ ಅದೇ ಮನೆ, ಅದೇ ಅಟ್ಟ, ಅದೇ ಹಪ್ಪಳ. ಹೊಸತನವೊಂದೇ ಕಾರಣವಾಗಿದ್ದರೆ ವಾರಕ್ಕೊಂದು ಶಿಬಿರಕ್ಕೆ ಹೋಗುವ ನಿಮ್ಮ ಮಗನ ರಜೆಯೇ ಹೆಚ್ಚು ಉದ್ದವಾಗಬೇಕಿತ್ತು. ನನ್ನ ಮಟ್ಟಿಗೆ ಕಾರಣ ಬೇರೆ: ಒಂದು ಮುಗಿದೊಡನೆ ಇನ್ನೊಂದು ಎಂದು ನಮ್ಮನ್ನು ಎಬ್ಬಿಸುವವರಿರಲಿಲ್ಲ, ಹಾಗಾಗಿ ಕಣ್ಣು, ಕಿವಿ, ಮೂಗು ಇದ್ದಲ್ಲೇ ಬೇರೂರುತ್ತಿದ್ದವು. ಇಂದಿಗೂ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಯಾರಾದರೂ ಹಲಸು ಬಿಡಿಸುತ್ತಿದ್ದರೆ, ನಾನು ಅದನ್ನು ನೋಡುವ ಮೊದಲೇ ಅಜ್ಜನಮನೆಯ ಅಂಗಳದಲ್ಲಿರುತ್ತೇನೆ. ವಾಸನೆಯ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ತೀರ ಹತ್ತಿರದ ದಾರಿಯಲ್ಲಿ ಸೇರುತ್ತವೆಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಶಿಬಿರಗಳನ್ನೆಲ್ಲ ಬಿಡಿಸಿ ಎಂದು ನಾನು ಹೇಳಲಾರೆ. ಇಬ್ಬರೂ ದುಡಿಯುವ ಮನೆಯಲ್ಲಿ ಮಗುವನ್ನು ಹಗಲಿಡೀ ಎಲ್ಲಿ ಬಿಡುವುದೆಂಬ ಕಷ್ಟ ನನಗೂ ಗೊತ್ತು. ಐವತ್ತು ದಿನಗಳ ರಜೆಯಲ್ಲಿ ಹತ್ತು ದಿನಗಳನ್ನು ಖಾಲಿ ಬಿಡಿ, ಸಾಧ್ಯವಾದರೆ ನೆಂಟರ ಊರಿನಲ್ಲಿ. ಮಗನಿಗೆ ತಾನಾಗಿಯೇ ಆಗುವವರೆಗೆ ಕಾಯಬೇಕಾದ ಒಂದು ಕೆಲಸ ಕೊಡಿ. ಸಂಡಿಗೆಯಾಗಲಿ, ಹುಣಸೆಹಣ್ಣಾಗಲಿ, ಒಣಗುವ ಯಾವುದಾದರೂ ಆದೀತು. ಅವನು ಬೇಜಾರೆಂದಾಗ ತಕ್ಷಣ ಏನನ್ನೂ ಕೈಗೆ ಕೊಡಬೇಡಿ. ನನ್ನ ಅನುಭವದಲ್ಲಿ ಮೊದಲ ಎರಡು ದಿನ ನಮಗೇ ಕಷ್ಟ.

ಕಳೆದ ಮೇ ತಿಂಗಳಲ್ಲಿ ಮಗಳನ್ನು ಅದೇ ಮನೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿ ಇಲ್ಲ, ಅತ್ತೆ ಈಗ ಒರಳಿನ ಬದಲು ಗ್ರೈಂಡರಿನಲ್ಲಿ ಹಿಟ್ಟು ರುಬ್ಬುತ್ತಾರೆ, ಅವರ ತೋಳಿಗೆ ಅಷ್ಟಾದರೂ ಬಿಡುವು ಸಿಕ್ಕಿದ್ದು ನನಗೆ ಸಂತೋಷ. ಮಗಳು ಮೊದಲ ದಿನ ಕೋಲು ಹಿಡಿದು ಕೂತು ಹತ್ತು ಸಲ ಗಂಟೆ ಕೇಳಿದಳು. ಎರಡನೆಯ ದಿನ ನಾಲ್ಕೈದು ಸಲ. ಮೂರನೆಯ ದಿನ ಅವಳ ಸದ್ದೇ ಇಲ್ಲವೆಂದು ಹೋಗಿ ನೋಡಿದರೆ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಬೇಲಿಯ ಮೇಲಿನ ಕಾಗೆಯನ್ನೇ ನೋಡುತ್ತ ಏನನ್ನೋ ಜಗಿಯುತ್ತಿದ್ದಳು. ಚಾಪೆಯ ಅಂಚಿನ ಪುಟ್ಟ ಸಾಲಿನಲ್ಲಿ ಎರಡು ಹಪ್ಪಳಗಳ ಜಾಗ ಖಾಲಿಯಿತ್ತು. ಸಂಜೆ ಚಾಪೆ ಮಡಚುವಾಗ ಅತ್ತೆ ಅದನ್ನು ನೋಡಿದರು, ಏನೂ ಹೇಳಲಿಲ್ಲ; ಮರುದಿನ ಆ ಸಾಲನ್ನು ಸ್ವಲ್ಪ ಉದ್ದ ಹಾಕಿದರು.