ತಾಳೆಯಾಗದ 540

ಸಣ್ಣ ವ್ಯಾಪಾರ ನಡೆಸುವವರು ಆಪ್ತಸಲಹೆಗೆ ಬಂದಾಗ ಲೆಕ್ಕಪತ್ರದ ಮಾತು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ನಾನೇ ಬರೆಯಲೇ, ಸಾಫ್ಟ್‌ವೇರ್ ಕೊಳ್ಳಲೇ, ಯಾರಿಗಾದರೂ ವಹಿಸಿಬಿಡಲೇ? ಈ ಪ್ರಕರಣವೂ ಹಾಗೇ ಶುರುವಾಯಿತು. ಆದರೆ ಇದನ್ನು ಬರೆಯುತ್ತಿರುವುದು ಎರಡನೇ ಭೇಟಿಯಲ್ಲಿ ಬಂದ ಒಂದು ಮಾತಿಗಾಗಿ. ಅದೇ ಮಾತು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಬದಲಾಯಿಸಲಾಗಿದೆ.

ಆಕೆಯದು ರಿಪೇರಿ ಅಂಗಡಿ. ಕೆಲಸಕ್ಕೆ ಇಬ್ಬರು. ಅವರಲ್ಲೊಬ್ಬ ಹುಡುಗ ಗಲ್ಲಾ ನೋಡಿಕೊಂಡು, ಸಂಜೆ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ಬರುತ್ತಾನೆ. ಎರಡು ವರ್ಷದಲ್ಲಿ ಲೆಕ್ಕಕ್ಕೆ ಮೂರು ವಿಧಾನ ಹಿಡಿದಿದ್ದರು: ಮೊದಲು ನೋಟ್‌ಬುಕ್, ಆಮೇಲೆ ಎಕ್ಸೆಲ್, ಆಮೇಲೆ ಮೊಬೈಲ್ ಆ್ಯಪ್. ಮೂರೂ ಅರ್ಧಕ್ಕೇ ನಿಂತಿದ್ದವು. "ಈ ಸಲ ಒಬ್ಬರನ್ನ ಇಟ್ಟು ಎಲ್ಲಾ ಅವರ ಕೈಗೆ ಕೊಟ್ಟುಬಿಡ್ತೀನಿ ಮೇಡಂ. ನನಗೆ ನೋಡೋದೇ ಬೇಡ" ಎಂದರು.

ಆ ಕೊನೆಯ ಮಾತು ಸರಿಬರಲಿಲ್ಲ. ಹಾಗಾಗಿ ಯಾವ ಸಲಹೆಯನ್ನೂ ಕೊಡದೆ, ಒಂದೇ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ತಿಂಗಳ ಪುಸ್ತಕ ಮತ್ತು ರಶೀದಿಗಳನ್ನು ತರಲು ಹೇಳಿದೆ.

ರಶೀದಿಗಳನ್ನು ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ತಂದಿದ್ದರು. ಅರ್ಧಕ್ಕೂ ಹೆಚ್ಚು ಚೀಟಿಗಳಲ್ಲಿ ಅಕ್ಷರವೇ ಇರಲಿಲ್ಲ. ಬಿಲ್ಲಿಂಗ್ ಯಂತ್ರದಿಂದ ಬರುವ ನುಣುಪಾದ ಚೀಟಿಯಲ್ಲಿ ಶಾಯಿ ಇರುವುದಿಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಶಾಖ, ಬೆಳಕು ಅಥವಾ ಕೆಲವು ಬಗೆಯ ಪ್ಲಾಸ್ಟಿಕ್ ತಾಗುತ್ತಿದ್ದರೆ ಆ ಅಕ್ಷರ ಅಳಿಸಿಹೋಗುತ್ತದೆ. ಜೋಪಾನ ಮಾಡಿದ್ದೇ ಅವನ್ನು ಹಾಳು ಮಾಡಿತ್ತು. ಬಂದ ದಿನವೇ ಫೋಟೊ ತೆಗೆದು, ಫೈಲಿನ ಹೆಸರಲ್ಲಿ ತಾರೀಕು ಮತ್ತು ಮೊತ್ತ ಬರೆದಿಟ್ಟರೆ ಮುಗಿಯಿತು.

ಆಮೇಲೆ ತಾಳೆ ನೋಡಲು ಕುಳಿತೆವು. ತಿಂಗಳ ಕೊನೆಗೆ ಪುಸ್ತಕದಲ್ಲಿ ಶಿಲ್ಕು 48,650, ಸ್ಟೇಟ್‌ಮೆಂಟಿನಲ್ಲಿ 46,230. ಬ್ಯಾಂಕಿನಲ್ಲಿ 2,420 ಕಡಿಮೆ. ಆಕೆಯ ಕೈಗೆ ಪೆನ್ಸಿಲ್ ಕೊಟ್ಟು, ಎರಡೂ ಕಡೆ ಇರುವ ನಮೂದುಗಳಿಗೆ ಟಿಕ್ ಹಾಕಲು ಹೇಳಿದೆ. ಟಿಕ್ ಬೀಳದೆ ಮೂರು ಉಳಿದವು. ತಿಂಗಳ ಕೊನೆಯ ಸಂಜೆ ಕಟ್ಟಿದ 3,260, ಬ್ಯಾಂಕಿನಲ್ಲಿ ಜಮಾ ಆಗಿದ್ದು ಮರುದಿನ. ಕೊಟ್ಟ 1,500ರ ಚೆಕ್ ಇನ್ನೂ ಪಾಸಾಗಿರಲಿಲ್ಲ. ಬ್ಯಾಂಕ್ ಹಿಡಿದುಕೊಂಡ ಶುಲ್ಕ 120 ಪುಸ್ತಕಕ್ಕೆ ಬಂದೇ ಇರಲಿಲ್ಲ. ಬ್ಯಾಂಕಿನ ಮೊತ್ತಕ್ಕೆ 3,260 ಕೂಡಿಸಿ 1,500 ಕಳೆದಾಗ 47,990 ಬಂತು. ಶುಲ್ಕ ಕಳೆದ ಮೇಲೆ ಪುಸ್ತಕದಲ್ಲಿ 48,530. ಇನ್ನೂ 540 ತಾಳೆಯಾಗಲಿಲ್ಲ.

ಇಲ್ಲಿ ಆಕೆ ಪೆನ್ಸಿಲ್ ಕೆಳಗಿಟ್ಟರು. "ನೋಡಿದ್ರಾ, ಯಾವಾಗಲೂ ಹೀಗೇ. ಕೊನೆಗೊಂದು ಉಳಿದೇ ಉಳಿಯುತ್ತೆ."

ಹೀಗೆ ಉಳಿದ ಮೊತ್ತವೇ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ಮೊದಲು ಅದರ ಅರ್ಧ ನೋಡಬೇಕು. 270ರ ನಮೂದೊಂದು ಜಮಾ ಕಡೆ ಹೋಗುವ ಬದಲು ಖರ್ಚಿನ ಕಡೆಗೋ, ಖರ್ಚಿನದು ಜಮಾ ಕಡೆಗೋ ಹೋಗಿದ್ದರೆ ವ್ಯತ್ಯಾಸ ದುಪ್ಪಟ್ಟಾಗುತ್ತದೆ. ಅಂಥದ್ದು ಇರಲಿಲ್ಲ. ಆಮೇಲೆ 9ರಿಂದ ಭಾಗಿಸಬೇಕು. ನಿಶ್ಶೇಷವಾದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ಅದಲುಬದಲಾದರೆ ಅವುಗಳ ಅಂತರದ 90 ಪಟ್ಟು ವ್ಯತ್ಯಾಸ ಬರುತ್ತದೆ. 540 ಎಂದರೆ 90ರ ಆರು ಪಟ್ಟು. ಅಂದರೆ ಆ ಎರಡು ಅಂಕಿಗಳ ನಡುವೆ 6 ಅಂತರವಿರುವ ನಮೂದು ಹುಡುಕಬೇಕು. ಎರಡೇ ನಿಮಿಷದಲ್ಲಿ ಸಿಕ್ಕಿತು: ಬಿಡಿಭಾಗದವರಿಗೆ ಕೊಟ್ಟದ್ದು 2,710, ಪುಸ್ತಕದಲ್ಲಿ ಆಕೆಯದೇ ಕೈಬರಹದಲ್ಲಿ 2,170. ಹೆಸರು ನೋಡಿ ಟಿಕ್ ಹಾಕಿದ್ದರು, ಮೊತ್ತ ನೋಡಿರಲಿಲ್ಲ.

ಆಕೆ ತುಸು ಹೊತ್ತು ಆ ಸಾಲನ್ನೇ ನೋಡುತ್ತಾ ಕುಳಿತರು. "ಒಂದು ವರ್ಷದಿಂದ ಆ ಹುಡುಗನಿಗೆ ಮುಖ ಕೊಟ್ಟು ಮಾತಾಡಿಲ್ಲ ಮೇಡಂ. ಅವನೇ ತೆಗೀತಿದ್ದಾನೆ ಅಂದ್ಕೊಂಡಿದ್ದೆ. ಲೆಕ್ಕ ಪೂರ್ತಿ ಬರೆದ್ರೆ ಅದು ಖಾತ್ರಿ ಆಗಿಬಿಡುತ್ತಲ್ಲಾ ಅಂತ ಅರ್ಧಕ್ಕೇ ಬಿಡ್ತಿದ್ದೆ."

ಮೂರು ವಿಧಾನಗಳೂ ಯಾಕೆ ನಿಂತುಹೋದವು ಎಂಬುದಕ್ಕೆ ಉತ್ತರ ಅಲ್ಲಿತ್ತು. ಲೆಕ್ಕ ಹೊಂದದ ಕಡೆ ಅನುಮಾನ ಮೊದಲು ಜನರ ಮೇಲೆ ಹೋಗುತ್ತದೆ, ಅಂಕಿಗಳ ಮೇಲೆ ಹೋಗುವುದು ಕೊನೆಗೆ. ಹಾಗೆಂದು ಒಂದು ತಿಂಗಳ ತಾಳೆಯಿಂದ ಹಿಂದಿನದೆಲ್ಲ ಸರಿಯಿತ್ತು ಎಂದು ಹೇಳಲಾಗದು, ಅದನ್ನೂ ಆಕೆಗೆ ತಿಳಿಸಿದೆ. ಹುಡುಗನ ಬಳಿ ಕ್ಷಮೆ ಕೇಳಲೇ ಎಂದಾಗ ಬೇಡವೆಂದೆ. ಅವನಿಗೆ ಗೊತ್ತೇ ಇಲ್ಲದ ಆರೋಪವನ್ನು ಅವನ ಮುಂದೆ ಹರಡಿದರೆ ಹಗುರಾಗುವುದು ಆಕೆಯ ಮನಸ್ಸು, ಭಾರ ಹೊರುವುದು ಅವನು. ಅದರ ಬದಲು ದಿನದ ಕೊನೆಗೆ ಇಬ್ಬರೂ ಸೇರಿ ಗಲ್ಲಾ ಎಣಿಸಿ, ಒಂದೇ ಚೀಟಿಗೆ ಇಬ್ಬರೂ ಸಹಿ ಹಾಕಲಿ. ಚಿಲ್ಲರೆ ಖರ್ಚಿಗೆ 2,000 ಬೇರೆ ತೆಗೆದಿಡಲಿ. ಉಳಿದ ನಗದು, ಖರ್ಚಿನ ಚೀಟಿ ಎರಡೂ ಸೇರಿ ಯಾವಾಗ ಎಣಿಸಿದರೂ 2,000 ಆಗಬೇಕು, ಮತ್ತೆ ತುಂಬುವಾಗ ಚೀಟಿಗಳ ಮೊತ್ತದಷ್ಟನ್ನೇ ಹಾಕಬೇಕು. ಇದು ಆಕೆಯ ದುಡ್ಡನ್ನು ಕಾಯುವಷ್ಟೇ ಆ ಹುಡುಗನ ಮರ್ಯಾದೆಯನ್ನೂ ಕಾಯುತ್ತದೆ.

ಇನ್ನು ಮೂಲ ಪ್ರಶ್ನೆ. ಮೊದಲ ಮೂರು ತಿಂಗಳು ಯಾರಿಗೂ ವಹಿಸಬೇಡಿ ಎಂದೆ. ಹೆದರಿ ಬಂದವರಿಗೆ ಇದು ಕಠಿಣ ಸಲಹೆ ಎನ್ನುವವರಿದ್ದಾರೆ. ಆದರೆ ಹೊರಗಿನಿಂದ ಬಂದವರಿಗೆ ಸ್ಟೇಟ್‌ಮೆಂಟಿನಲ್ಲಿ ಕಾಣುವುದು 'ನಗದು ಪಡೆದದ್ದು' ಎಂಬ ಒಂದು ಸಾಲು ಮಾತ್ರ. ಅದು ಬಿಡಿಭಾಗಕ್ಕೆ ಹೋಯಿತೋ ಮನೆಗೆ ಹೋಯಿತೋ ಗೊತ್ತಿರುವುದು ಮಾಲೀಕರಿಗೇ. ಮನೆಗೆ ತೆಗೆದದ್ದು ವ್ಯಾಪಾರದ ಖರ್ಚಲ್ಲ, ಮಾಲೀಕರ ಹಿಂತೆಗೆತ. ಸಾಲದ ಕಂತಿನಲ್ಲೂ ಬಡ್ಡಿ ಮಾತ್ರ ಖರ್ಚು, ಅಸಲು ಸಾಲದ ಖಾತೆಯಲ್ಲಿ ಇಳಿಯಬೇಕು. ಇವೆರಡನ್ನು ಬೆರೆಸಿದ ಪುಸ್ತಕ ಎಷ್ಟೇ ದುಬಾರಿ ಸಾಫ್ಟ್‌ವೇರಿನಲ್ಲಿದ್ದರೂ ಲಾಭವನ್ನು ತಪ್ಪಾಗಿಯೇ ತೋರಿಸುತ್ತದೆ. ಹಾಗಾಗಿ ಮೊದಲು ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ, ವಾರಕ್ಕೊಂದು ದಿನ ಅರ್ಧ ಗಂಟೆ ಟಿಕ್.

ಉದ್ರಿ ಇಲ್ಲದೆ, ದಾಸ್ತಾನು ಇಲ್ಲದೆ, ಕೈಯಲ್ಲಿ ಕೊಟ್ಟು ಕೈಯಲ್ಲಿ ತೆಗೆದುಕೊಳ್ಳುವ ವ್ಯಾಪಾರಕ್ಕೆ ನಗದು ಪುಸ್ತಕವೋ ಎಕ್ಸೆಲ್ಲೋ ಧಾರಾಳ ಸಾಕು. ಬಾಕಿ ಉಳಿಸಿಕೊಳ್ಳುವ ಗಿರಾಕಿಗಳು, ಬಿಡಿಭಾಗದ ದಾಸ್ತಾನು, ಸಾಲ ಇವು ಬಂದ ಮೇಲೆ ಜೋಡಿ ನಮೂದು, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಪದ್ಧತಿ, ಬೇಕೇ ಬೇಕು. ಈಕೆಗೆ ಮೂರೂ ಇದ್ದವು, ಹಾಗಾಗಿ ಸಾಫ್ಟ್‌ವೇರ್ ಸರಿ ಎಂದೆ. ಬೇರೆಯವರಿಗೆ ವಹಿಸುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿ ಇರಕೂಡದು: ನಗದು ಮುಟ್ಟುವವರು, ಪುಸ್ತಕ ಬರೆಯುವವರು, ತಾಳೆ ನೋಡುವವರು ಒಬ್ಬರೇ ಆಗಬಾರದು. ಸಣ್ಣ ಜಾಗದಲ್ಲಿ ಮೂರು ಜನ ಸಿಗದಿದ್ದರೆ ಮೂರನೆಯ ಕೆಲಸ ಮಾಲೀಕರದೇ. ಸಾಫ್ಟ್‌ವೇರಿನ ಮುಖ್ಯ ಲಾಗಿನ್ ಮಾಲೀಕರ ಹೆಸರಿನಲ್ಲಿರಬೇಕು, ತಿಂಗಳಿಗೊಮ್ಮೆ ಪೂರ್ತಿ ದತ್ತಾಂಶದ ಪ್ರತಿ ಕೈಗೆ ಬರಬೇಕು. ಬರೆಯುವವರು ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಕೂಡ ಅವರ ಜೊತೆಗೇ ಹೋದರೆ ವರ್ಷದ ಲೆಕ್ಕವೇ ಹೋದಂತೆ.

ನಾಲ್ಕನೇ ತಿಂಗಳು ಆಕೆ ಒಬ್ಬರನ್ನು ವಾರಕ್ಕೆ ಒಂದು ದಿನದ ಮಟ್ಟಿಗೆ ನೇಮಿಸಿಕೊಂಡರು. ಪೆನ್ಸಿಲ್ ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಯಾವ ತಲೆಬರಹಕ್ಕೆ ಹಾಕಬೇಕೆಂದು ತಿಳಿಯದ 7 ನಮೂದುಗಳನ್ನು ಹೊಸಬರು ಅನಾಮತ್ತು ಖಾತೆಯಲ್ಲಿಟ್ಟು ಪಟ್ಟಿ ಕೊಟ್ಟಿದ್ದರು. ಐದಕ್ಕೆ ಆಕೆ ಅವತ್ತೇ ಉತ್ತರ ಕೊಟ್ಟರು. ಆರನೆಯದನ್ನು ಗಲ್ಲಾದ ಹುಡುಗನನ್ನೇ ಕರೆದು ಕೇಳಿದರು, ಅವನಿಗೆ ನೆನಪಿತ್ತು. ಒಂದು ಇನ್ನೂ ಹಾಗೇ ಉಳಿದಿದೆ.